ಎಣ್ಣೆಯಲ್ಲಿ ಕಲಸಿದ ಪುಡಿ

ಮಗಳ ಕಿವಿಯೊಳಗೆ ಉಣುಗು ಕಚ್ಚಿಕೊಂಡಿದ್ದನ್ನು ಮಂಗಳಗೌರಿ ನೋಡಿದ್ದು ಬೆಳಿಗ್ಗೆ ಮುಖ ತೊಳೆಸುವಾಗ. ಮೊದಲು ಕೊಳೆಯೆಂದುಕೊಂಡಳು. ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆದು ಒರೆಸಲು ಹೋದರೆ ಆ ಕೊಳೆಗೆ ಕಾಲುಗಳಿದ್ದವು. ಅವು ಮೆಲ್ಲಗೆ ಆಡಿದವು.

ಕೂಗಿಕೊಂಡರೆ ಮಗು ಬೆದರಿ ತಲೆ ಕೊಡವೀತು, ಅದು ಇನ್ನೂ ಒಳಕ್ಕೆ ಸರಿದೀತು ಎಂದು ಹೆದರಿ, ಆದಷ್ಟು ಮೆತ್ತಗಿನ ದನಿಯಲ್ಲಿ ಅತ್ತೆಯನ್ನು ಕರೆದಳು. ದೊಡ್ಡಮಲ್ಲಮ್ಮ ಆಗತಾನೆ ಲಿಂಗಪೂಜೆ ಮುಗಿಸಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಬಂದು ಮೊಮ್ಮಗಳ ಕಿವಿಯನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಇಷ್ಟಕ್ಯಾಕೆ ಮೊಕ ಇಳೇಬುಟ್ಟಿದ್ದೀಯ? ಒಂದ್ ತೊಟ್ಟು ಎಳ್ಳೆಣ್ಣೆ ಬುಡು. ಅದಾಗದೇ ಬುಟ್ಕತದ."

ಎಣ್ಣೆ ಬಿಟ್ಟ ಮೇಲೆ ಸ್ವಲ್ಪ ಹೊತ್ತಿಗೆ ಅದು ಸಡಿಲವಾಗಿ ಬಂತು. ಮಂಗಳಗೌರಿ ಅದನ್ನು ನೆಲದ ಮೇಲಿಟ್ಟು ಉಗುರಿನಿಂದ ಒತ್ತಬೇಕು ಅನ್ನುವಷ್ಟರಲ್ಲಿ ಅತ್ತೆ ಅವಳ ಮಣಿಕಟ್ಟು ಹಿಡಿದರು.

"ಬ್ಯಾಡ ಕಣಮ್ಮಿ. ಲಿಂಗ ಹಿಡಿಯೋ ಕೈಲಿ ಜೀವ ತೆಗೀಬಾರ್ದು."

ಆ ಮನೆಯ ಕ್ರಮವೇ ಅದು. ನಾಯಿಯ ಮೈಯಿಂದ ಕಿತ್ತ ಉಣುಗುಗಳನ್ನು ಬೂದಿ ಹಾಕಿದ ತೆಂಗಿನ ಕರಟದಲ್ಲಿ ತುಂಬಿಕೊಂಡು, ಹಿತ್ತಿಲ ಗೋಡೆಯಾಚೆಗಿನ ಕಳ್ಳಿಬೇಲಿಯ ಬುಡದಲ್ಲಿ ಸುರಿದು ಬರುತ್ತಿದ್ದರು. ಅತ್ತೆಯ ಅತ್ತೆಯೂ ಹಾಗೇ ಮಾಡುತ್ತಿದ್ದರಂತೆ. ಈರುಳ್ಳಿ ಮಂಡಿಯಲ್ಲಿ ಮೂಟೆ ಹೊರುವ ರಂಗನಾಯಕ ಇದನ್ನು ಕಂಡಾಗಲೆಲ್ಲ ನಗುತ್ತಿದ್ದ.

"ಅವ್ವಾರು ಬೇಲಿಗೆ ಬುಟ್ಬುಟ್ಟು ಕಾಲ್ ತೊಳ್ಕಂಡ್ ಬರೋದ್ರೊಳ್ಗೆ, ಅವು ದೊರೆ ಕಿವಿಲಿ ಎಲೆ ಹಾಕ್ಸ್ಕಂಡು ಊಟಕ್ಕೆ ಕುಂತಿರ್ತವೆ."

"ನೀನು ಬಾಯ್ ಮುಚ್ಕಂಡು ಮೂಟೆ ಹೊರ್ಲಾ," ಎಂದು ದೊಡ್ಡಮಲ್ಲಮ್ಮನೂ ನಗುತ್ತಿದ್ದರು.

ದೊರೆ ಅಂದರೆ ಅವರ ನಾಯಿ. ಗುಂಡ್ಲುಪೇಟೆಯ ಹೆದ್ದಾರಿಗೆ ಮುಖ ಮಾಡಿದ ಆ ಮನೆಯ ಮುಂಭಾಗವೆಲ್ಲ ಮಂಡಿ, ಹಿಂದೆ ವಾಸ. ಮಂಗಳಗೌರಿಯ ಗಂಡ ವೃಷಭೇಂದ್ರಪ್ಪನ ಈರುಳ್ಳಿ ಮೂಟೆಗಳನ್ನು ಮಲಯಾಳದ ಕಡೆಗೆ ಒಯ್ಯುವ ಲಾರಿಯ ಡ್ರೈವರನೊಬ್ಬ ವಯನಾಡಿನ ಯಾವುದೋ ಎಸ್ಟೇಟಿನ ಬಿಳಿ ದೊರೆಯ ಬಂಗಲೆಯಲ್ಲಿ ಹುಟ್ಟಿದ ಮರಿಯನ್ನು ತಂದುಕೊಟ್ಟಿದ್ದ. ಜೋಲು ಕಿವಿ, ಉದ್ದ ಕೂದಲು. ಚಳಿಯ ಸೀಮೆಯ ಆ ಕೂದಲು ಇಲ್ಲಿ ಉಣುಗುಗಳಿಗೆ ಹುಲ್ಲುಗಾವಲಾಯಿತು. ಕಿವಿಯ ಮಡಿಕೆಯಲ್ಲಿ, ಬೆರಳ ಸಂದಿಯಲ್ಲಿ, ಬಾಲದಡಿಯಲ್ಲಿ ಹರಳುಬೀಜದ ಹಾಗೆ ಊದಿಕೊಂಡು ಕೂತಿರುತ್ತಿದ್ದವು. ನಾಲ್ಕು ವರ್ಷದ ಮಗಳು ಶಾಂತಮಲ್ಲಿ ನಡೆಯಲು ಕಲಿತದ್ದೇ ಆ ನಾಯಿಯ ಕಿವಿ ಹಿಡಿದು. ಮಧ್ಯಾಹ್ನ ಖಾಲಿ ಗೋಣಿಗಳ ಮೇಲೆ ಎರಡೂ ಒಂದಕ್ಕೊಂದು ಅಂಟಿಕೊಂಡು ಮಲಗುತ್ತಿದ್ದವು.

ಮಂಗಳಗೌರಿ ಮೈಸೂರಿನ ಕಾಲೇಜಿನಲ್ಲಿ ಓದಿದವಳು. ಮೊದಲ ಕೂಸು ಬಾಣಂತಿಕೋಣೆ ದಾಟಿರಲಿಲ್ಲ. ಆಮೇಲೆ ಹುಟ್ಟಿದ ಈ ಮಗುವಿನ ಉಸಿರನ್ನು ಅವಳು ನಿದ್ದೆಯಲ್ಲೂ ಆಲಿಸುತ್ತಿದ್ದಳು. ಮಗುವಿನ ತಲೆಗೂದಲು ಮಾದೇಶ್ವರನ ಹರಕೆಯದು. ಬೆಟ್ಟಕ್ಕೆ ಹೋಗಿ ಮುಡಿ ಒಪ್ಪಿಸುವ ತನಕ ಕತ್ತರಿ ತಾಕಿಸುವಂತಿಲ್ಲ. ಒಂದು ವರ್ಷ ಬೆಳೆ, ಇನ್ನೊಂದು ವರ್ಷ ಸೂತಕ ಎಂದು ಬೆಟ್ಟದ ದಾರಿ ಮುಂದಕ್ಕೆ ಹೋಗುತ್ತಲೇ ಇತ್ತು, ಕೂದಲು ಬೆನ್ನಿಗಿಳಿದು ಸಿಕ್ಕುಗಟ್ಟಿ ಹೇನು ತುಂಬಿತ್ತು. ಅದನ್ನೂ ಹೇಗೋ ಸಹಿಸಿದ್ದಳು. ಕಿವಿಯೊಳಗಿನ ಉಣುಗನ್ನು ಮಾತ್ರ ಸಹಿಸುವುದು ಆಗಲಿಲ್ಲ.

ಆ ವಾರವೇ ಮಲೇರಿಯಾದವರು ಬೀದಿಗೆ ಬಂದರು. ಬಕೇಟಿನಲ್ಲಿ ಬಿಳಿ ಪುಡಿಯನ್ನು ನೀರಿಗೆ ಕದಡಿ, ಪಂಪು ಒತ್ತಿ, ಮನೆಮನೆಯ ಗೋಡೆಗೆ ಎರಚಿದರು. ಮಂಡಿಯ ಗೋಡೆಗೆ ಹೊಡೆದ ಮರಿಯಯ್ಯ ಮಾತುಗಾರ.

"ಡಿ.ಡಿ.ಟಿ. ಕಣವ್ವ. ಸೊಳ್ಳೆ, ತಿಗಣೆ, ಚಿಗಟ, ಎಲ್ಲಾ ಮಟಾಷ್."

"ನಾಯಿಯ ಉಣುಗು?" ಎಂದಳು ಮಂಗಳಗೌರಿ.

"ಅದರಪ್ಪನೂ ಹೋಗ್ತದೆ."

"ಮಕ್ಕಳಿರೋ ಮನೆ. ಏನೂ ಆಗೋದಿಲ್ಲ ತಾನೆ?"

ಮರಿಯಯ್ಯ ಬೆರಳ ತುದಿಯನ್ನು ಪುಡಿಗೆ ಅದ್ದಿ ನಾಲಿಗೆಗೆ ತಾಕಿಸಿ ಚಪ್ಪರಿಸಿದ. "ನೋಡಿ, ಬದುಕಿದ್ದೀನಾ? ದಿನಾ ಇದೇ ಕೈಲೇ ಕಲಸ್ತೀನಿ, ಇದೇ ಕೈಲೇ ಮುದ್ದೆ ಮುರೀತೀನಿ. ನನ್ ಹೆಂಡ್ತಿ ಬೈಗುಳಕ್ಕಿಂತ ಸಾದು ಇದು."

ಅವಳು ಕೇಳಿಕೊಂಡದ್ದಕ್ಕೆ ಒಂದು ಕಾಗದದಲ್ಲಿ ಎರಡು ಬೊಗಸೆ ಪುಡಿ ಕಟ್ಟಿಕೊಟ್ಟು ಹೋದ.

ಪುಡಿಯನ್ನು ದೊರೆಯ ಬೆನ್ನಿಗೆ ಉದುರಿಸಿದ್ದೇ ತಡ, ನಾಯಿ ಮೈ ಕೊಡವಿತು. ಹಜಾರವೆಲ್ಲ ಬಿಳಿ ಹೊಗೆ. ಶಾಂತಮಲ್ಲಿ ಕೆಮ್ಮತೊಡಗಿದಳು. ಮಂಗಳಗೌರಿ ಮಗುವನ್ನು ಎತ್ತಿಕೊಂಡು ಹಿತ್ತಿಲಿಗೆ ಓಡಿ, ಕಣ್ಣು ಮೂಗು ತೊಳೆದು, ಕೆಮ್ಮು ನಿಂತ ಮೇಲೂ ಬಹಳ ಹೊತ್ತು ಅದರ ಎದೆಗೆ ಕಿವಿಯಾನಿಸಿ ಕೂತಳು. ಹೀಗೆ ಹಾರುವ ಪುಡಿ ಮಗುವಿನ ಎದೆಗೆ ಸೇರಿದರೆ? ಅನ್ನದ ಮೇಲೆ ಕೂತರೆ? ಹಾರದ ಹಾಗೆ ಮಾಡಬೇಕು.

ಉಪಾಯ ತಾನಾಗಿಯೇ ಹೊಳೆಯಿತು. ಆ ಮನೆಯಲ್ಲಿ ಮೈಗೆ ಹಚ್ಚುವುದನ್ನೆಲ್ಲ ಎಣ್ಣೆಯಲ್ಲೇ ಕಲಸುತ್ತಿದ್ದರು. ಬಜೆಯಾದರೂ ಅಷ್ಟೆ, ಅರಿಸಿನ ಕರ್ಪೂರವಾದರೂ ಅಷ್ಟೆ. ಬಟ್ಟಲಿಗೆ ಹರಳೆಣ್ಣೆ ಸುರಿದು ಪುಡಿ ಹಾಕಿ, ಕಡ್ಡಿಯಿಂದ ತಿರುವಿದಳು. ಗಂಟಿಲ್ಲದೆ ಕೂಡಿಕೊಂಡಿತು, ಒಂದು ಚೂರೂ ಹಾರಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕೂದಲು ಬಿಡಿಸಿ ಬಿಡಿಸಿ, ದೊರೆಯ ಚರ್ಮ ಮುಟ್ಟುವಂತೆ ಹಚ್ಚಿದಳು. ಕಿವಿ ಬಿಡಲಿಲ್ಲ, ಬೆರಳ ಸಂದಿ ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಉಣುಗುಗಳು ಒಂದೊಂದಾಗಿ ಉದುರಿ ಕಾಲು ಮಡಚಿಕೊಂಡು ಬಿದ್ದಿದ್ದವು. ದೊಡ್ಡಮಲ್ಲಮ್ಮ ಪೊರಕೆಯಲ್ಲಿ ಗುಡಿಸಿ ಒಟ್ಟು ಮಾಡಿ ಬಾಗಿ ನೋಡಿದರು.

"ನಾವ್ ಸಾಯಿಸ್ನಿಲ್ಲ, ಅವೇ ಸತ್ತೋದೊ," ಎಂದರು, ಸಮಾಧಾನದಿಂದ. "ನಿಮ್ಮಪ್ಪ ಓದ್ಸಿದ್ದು ಇವತ್ತು ಉಪಯೋಗುಕ್ ಬಂತು ಕಣಮ್ಮಿ."

ಮಂಗಳಗೌರಿಗೆ ನಗು ಬಂತು. ಮದುವೆಯಾಗಿ ಬಂದ ಮೇಲೆ ಅತ್ತೆ ಅವಳ ಓದನ್ನು ಹೊಗಳಿದ್ದು ಅದೇ ಮೊದಲು.

ಮಾರನೆಯ ದಿನ ದೊರೆ ಚೆನ್ನಾಗಿಯೇ ಇತ್ತು. ಮೈ ನೆಕ್ಕಿಕೊಳ್ಳುತ್ತ ಬಿಸಿಲಿನಲ್ಲಿ ಮಲಗಿತ್ತು. ಅದರ ಮಾರನೆಯ ದಿನ ಬೆಳಿಗ್ಗೆ ಶಾಂತಮಲ್ಲಿಯ ಮುಖವನ್ನು ಎಂದಿನಂತೆ ಒಮ್ಮೆ ನೆಕ್ಕಿತು. ಬಿದ್ದು ತರಚಿದ ಗದ್ದದ ಗಾಯವನ್ನೂ ನೆಕ್ಕಿತು. ಮಂಗಳಗೌರಿ ಗದರಿ ಓಡಿಸಿದಳು. ಓಡುವಾಗ ಅದರ ಹಿಂಗಾಲು ತಪ್ಪಿ ಬಿದ್ದದ್ದನ್ನು ಕಂಡಳು.

ಬಿಸಿಲೇರುವ ಹೊತ್ತಿಗೆ ಮಂಡಿಯ ಕಡೆಯಿಂದ ಗದ್ದಲ ಕೇಳಿತು. ಹೊರಗೆ ಬಂದು ನೋಡಿದರೆ ದೊರೆ ಲಾರಿಯ ಚಕ್ರದ ಪಕ್ಕ ನಿಂತಿದೆ. ತುಟಿಯಿಂದ ಬಾಲದವರೆಗೆ ಮೈಯೆಲ್ಲ ಅದುರುತ್ತಿದೆ. ಬಾಯಲ್ಲಿ ನೊರೆ. ರಂಗನಾಯಕ "ಏನಾಯ್ತ್ಲಾ ದೊರೆ?" ಎಂದು ಹೆಗಲ ಮೂಟೆ ಇಳಿಸಿದ. ಆ ಸದ್ದಿಗೆ ನಾಯಿ ಕೋಲಿನಂತೆ ಸೆಟೆದು, ಎಗರಿ, ಗಾಳಿಯನ್ನೇ ಕಚ್ಚಿತು. ಹಲ್ಲಿಗೆ ಸಿಕ್ಕಿ ಅವನ ಪಂಚೆ ಹರಿಯಿತು, ಮೈಗೆ ತಾಗಲಿಲ್ಲ.

"ಹುಚ್ಚು ಹಿಡದದ! ಮಕ್ಕಳ್ನ ಒಳಕ್ ತಕ್ಕೊಳಿ!" ಎಂದು ಬೀದಿಯಲ್ಲಿ ಯಾರೋ ಕೂಗಿದರು.

ದೊರೆ ತೂರಾಡುತ್ತ ಬಂದು ಕಲ್ಲುಬಾನಿಗೆ ಮೂತಿಯಿಟ್ಟಿತು. ನಾಲಿಗೆ ನೀರಿಗೆ ತಾಕಿದ್ದನ್ನು ಮಂಗಳಗೌರಿ ಕಣ್ಣಾರೆ ಕಂಡಳು. "ನೀರು ಕುಡೀತಿದೆ, ನೋಡಿ! ಹುಚ್ಚು ಹಿಡಿದದ್ದು ನೀರು ಕುಡಿಯೋದಿಲ್ಲ!" ಎಂದು ಕೂಗಿದಳು. ಅಷ್ಟರಲ್ಲಿ ಯಾರದೋ ಕಾಲು ತಾಗಿ ಬಕೇಟು ಉರುಳಿತು. ನಾಯಿ ಮತ್ತೆ ಸೆಟೆದು ಹಿಂದಕ್ಕೆ ಬಿತ್ತು. ನೀರು ಕಂಡು ಬೆದರಿತು ಎಂದರು ಜನ. ಕುಡಿಯಿತೋ, ಬರೀ ಮೂತಿ ಅದ್ದಿತೋ, ಅವಳಿಗೂ ಆಮೇಲೆ ಖಚಿತವಾಗಿ ಹೇಳಲಾಗಲಿಲ್ಲ.

ವೃಷಭೇಂದ್ರಪ್ಪ ಗದ್ದುಗೆಯಿಂದ ಎದ್ದು ಬಂದಿದ್ದ.

"ರಂಗ, ಮುಗುಸ್ಬುಡು," ಎಂದ.

"ಸಾವ್ಕಾರ್ರೆ, ನನ್ ಕೈಲಾಗಲ್ಲ. ನಾನೇ ಅನ್ನ ಹಾಕಿದ್ದೀನಿ ಇದಕ್ಕೆ."

"ಇನ್ಯಾರನ್ ಕರೀಲಿ? ಬೀದೀಲಿ ಮಕ್ಕಳವೆ ಕಣ್ಲಾ."

ರಂಗನಾಯಕ ಮೂಟೆ ಒರಗಿಸುವ ದೊಣ್ಣೆ ತೆಗೆದುಕೊಂಡ. ಮೊದಲ ಏಟಿಗೆ ದೊರೆ ಅವನ ಮುಖ ನೋಡಿತು. ಮಂಗಳಗೌರಿ ಬಾಗಿಲು ಹಾಕಿಕೊಂಡಳು, ಆದರೂ ಕೇಳಿಸಿತು. ಸೋಂಕು ಉಳಿಯಬಾರದೆಂದು ಕೆರೆಯ ಏರಿಯಾಚೆ ಒಯ್ದು, ಸೀಮೆಎಣ್ಣೆ ಸುರಿದು ಸುಟ್ಟು ಬಂದರು. ಅದು ಮಲಗುತ್ತಿದ್ದ ಗೋಣಿಗಳನ್ನೂ ಸುಟ್ಟರು.

ಗಂಡ ಒಳಗೆ ಬಂದು ಕೇಳಿದ: "ಮೊಗೀನ ಮುಟ್ಟಿತ್ತಾ?"

"ಬೆಳಿಗ್ಗೆ ಮುಖ ನೆಕ್ಕಿತು."

"ಗದ್ದದ ಗಾಯಾನ?"

ಅವಳು ಹೌದೆಂದು ತಲೆಯಾಡಿಸಿದಳು. ವೃಷಭೇಂದ್ರಪ್ಪ ಗೋಡೆಗೆ ಒರಗಿದ. ಆಮೇಲೆ, "ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಹೊರಡಾವ. ಹುಚ್ಚುನಾಯಿ ಸೂಜಿ ಅಲ್ಲೇ ಸಿಕ್ಕೋದು. ಲಾರಿ ತಿರುಗುಸ್ತೀನಿ, ನೀನು ಅವಳ್ನ ಎಬ್ಬುಸು," ಎಂದು ಹೊರಗೆ ಹೋದ.

ಹೊಕ್ಕುಳಿನ ಸುತ್ತ ದಿನವೂ ಚುಚ್ಚುವ ಆ ಸೂಜಿಯ ವಿಷಯ ಎಲ್ಲರಿಗೂ ಗೊತ್ತಿತ್ತು. ಬೀದಿಯ ಕೊನೆಯ ಮನೆಯ ಮಂಟೇಸ್ವಾಮಿ ಅದನ್ನು ಹಾಕಿಸಿಕೊಂಡು ತಿಂಗಳುಗಟ್ಟಲೆ ಬಗ್ಗಿ ನಡೆದಿದ್ದ.

ನಡುಮನೆಯಲ್ಲಿ ಶಾಂತಮಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಎತ್ತಿಕೊಂಡಾಗ ಮಗುವಿನ ತಲೆ ಅವಳ ಮೂಗಿನ ಹತ್ತಿರ ಬಂತು. ಹರಳೆಣ್ಣೆಯ ವಾಸನೆ. ಅದರೊಳಗೆ ಇನ್ನೊಂದು ವಾಸನೆ, ಮೊನ್ನೆಯಿಂದ ಅವಳ ಬೆರಳಿಗೆ ಹತ್ತಿ ಬಿಡದೇ ಇದ್ದದ್ದು. ರಾತ್ರಿಯೂ ಬಂದಿತ್ತು, ತನ್ನ ಕೈಯದೇ ಎಂದುಕೊಂಡಿದ್ದಳು. ಮಗುವಿನ ಎರಡು ಜಡೆಗಳೂ ಜಿನುಗುವಷ್ಟು ಎಣ್ಣೆ ಕುಡಿದಿದ್ದವು.

"ಅತ್ತೆ," ಎಂದಳು. "ಇವಳ ತಲೆಗೆ ಏನು ಹಚ್ಚಿದಿರಿ?"

ಅಡುಗೆಮನೆಯಿಂದ ದೊಡ್ಡಮಲ್ಲಮ್ಮ ಕಣ್ಣೊರೆಸಿಕೊಳ್ಳುತ್ತ ಬಂದರು. ಅವರು ದೊರೆಗಾಗಿ ಅಳುತ್ತಿದ್ದರು. "ಬಟ್ಲಲ್ಲಿ ಮಿಕ್ಕಿತ್ತಲ್ಲ, ಅದೇಯ. ದಂಡ ಯಾಕೆ ಅಂತ. ಹೇನು ಕಡ್ದು ಕಡ್ದು ಮೊಗ ನಿದ್ದೆ ಮಾಡ್ತಿರ್ನಿಲ್ಲ."

"ಯಾವಾಗ?"

"ನೆನ್ನೆ ಸಾಯಂಕಾಲ. ಯಾಕಮ್ಮಿ ಹಂಗ್ ನೋಡೀಯೆ? ನೀನೇ ಕಲ್ಸಿದ್ದಲ್ವಾ? ನಾಯಿ ಮೈಗೆ ಆಗೋದು ನಮ್ ಮೊಗಿನ್ ತಲೆಗೆ ಆಗಬಾರ್ದಾ?"

ಮಂಗಳಗೌರಿ ಮಗುವಿನ ಕೈ ಹಿಡಿದು ನೋಡಿದಳು. ಬೆರಳುಗಳು ನಡುಗುತ್ತಿದ್ದವು, ನಿದ್ದೆಯಲ್ಲೇ, ಬಹಳ ಸಣ್ಣಗೆ. ನೋಡಬೇಕೆಂದು ನೋಡದಿದ್ದರೆ ತಿಳಿಯದಷ್ಟು. ಅವಳು ನೋಡಬೇಕೆಂದೇ ನೋಡುವವಳು. ನೀರಿನಲ್ಲಿ ಕದಡಿದವನಿಗೆ ಏನೂ ಆಗಲಿಲ್ಲ, ನಾಲಿಗೆಗೆ ಹಚ್ಚಿಕೊಂಡವನಿಗೂ ಏನೂ ಆಗಲಿಲ್ಲ. ಎಣ್ಣೆಯಲ್ಲಿ ಕಲಸಿ ಉಜ್ಜಿದ್ದು ಮಾತ್ರ ಚರ್ಮದೊಳಕ್ಕೆ ಇಳಿದಿದೆ. ಪುಡಿ ಹಾರಬಾರದು, ಮಗುವಿಗೆ ತಾಕಬಾರದು ಎಂದು ಹೆದರಿ ಕಲಸಿದ್ದು.

ಹೆಚ್ಚು ಯೋಚಿಸಲು ನಿಲ್ಲಲಿಲ್ಲ. ಗೋಣಿಯ ಹುರಿ ಕತ್ತರಿಸುವ ದೊಡ್ಡ ಕತ್ತರಿ ಬಾಗಿಲ ಮೊಳೆಯಲ್ಲಿ ತೂಗುತ್ತಿತ್ತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒಂದು ಜಡೆಯನ್ನು ಬುಡಕ್ಕೆ ಕತ್ತರಿಸಿದಳು.

"ಅಯ್ಯೋ, ಮಾದಪ್ಪನ ಮುಡಿ ಕಣೇ!" ದೊಡ್ಡಮಲ್ಲಮ್ಮ ಓಡಿಬಂದು ಅವಳ ಕೈಗೆ ಜೋತುಬಿದ್ದರು. "ಅವನು ಕೊಟ್ಟ ಮೊಗ. ಅವನಿಗ್ ಒಪ್ಪಸ್ದೆ ಕತ್ರಿ ಹಾಕಿಯಾ? ಒಂದ್ನ ಕಳ್ಕಂಡಿದ್ದು ಸಾಲ್ದಾ ನಿಂಗೆ?"

ಅತ್ತೆಯ ಕೈಯನ್ನು ಅವಳು ತಳ್ಳಿದಳು. ಹಾಗೆ ತಳ್ಳಿದ್ದು ಅದೇ ಮೊದಲು. ಅವರು ಕಂಬಕ್ಕೆ ತಗುಲಿ ಕೂತುಬಿಟ್ಟರು. ಎರಡನೆಯ ಜಡೆಯೂ ಹೋಯಿತು. ಎಚ್ಚರವಾದ ಮಗು ಅಳುತ್ತಿರುವಾಗಲೇ ಬಚ್ಚಲಿಗೆ ಒಯ್ದು, ಸೀಗೆಪುಡಿ ಹಾಕಿ ಬಿಸಿನೀರಿನಲ್ಲಿ ಉಜ್ಜಿದಳು. ಸಾಬೂನು ಹಾಕಿ ಮತ್ತೆ ಉಜ್ಜಿದಳು. ನೆತ್ತಿ ಕೆಂಪಾಯಿತು. ನೀರಿನ ಮೇಲಿನ ಎಣ್ಣೆಯ ಜಿಡ್ಡು ಕಡಿಮೆಯಾಗುವ ತನಕ ಕೈ ನಿಲ್ಲಿಸಲಿಲ್ಲ.

ವೃಷಭೇಂದ್ರಪ್ಪ ಬಂದಾಗ ಅವನ ತಾಯಿ ಎರಡು ಜಡೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವನು ಜಡೆಗಳನ್ನು ನೋಡಿದ, ಮಗುವಿನ ಬೋಳು ಬೋಳಾದ ತಲೆಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ನಿಂಗೂ ಹಿಡೀತಾ ಹುಚ್ಚು?"

"ಹುಚ್ಚಲ್ಲ. ಆ ಪುಡಿ. ನಾಯಿಗೂ ಅದೇ, ಇವಳಿಗೂ ಅದೇ. ನಾನು ಎಣ್ಣೇಲಿ ಕಲಸಿದ್ದು. ಲಾರಿ ಹೊರಡಿಸಿ."

ತೆರಕಣಾಂಬಿ ದಾಟುವಾಗ ಶಾಂತಮಲ್ಲಿಗೆ ಮೊದಲ ಸೆಟೆತ ಬಂತು. ಲಾರಿಯ ಹಾರನ್ನಿನ ಸದ್ದಿಗೆ ಮೈ ಬಿಲ್ಲಾಯಿತು, ಹಲ್ಲು ಕಚ್ಚಿತು, ಕಣ್ಣುಗುಡ್ಡೆ ಮೇಲೆ ಹೋಯಿತು. "ಹಾರನ್ ಒತ್ತಬೇಡ ಮಾರಾಯ," ಎಂದು ಡ್ರೈವರನಿಗೆ ಕೈಮುಗಿದಳು ಮಂಗಳಗೌರಿ. ಆಮೇಲೆ ದಾರಿಗಡ್ಡ ಬಂದ ಎತ್ತಿನ ಗಾಡಿಗಳ ಹಿಂದೆ ಲಾರಿ ಹಾರನ್ ಒತ್ತದೆ ತೆವಳಿತು. ವೃಷಭೇಂದ್ರಪ್ಪ ಬಾಗಿಲಲ್ಲಿ ಜೋತುಬಿದ್ದು ಗಾಡಿಯವರಿಗೆ ಕೈ ಬೀಸುತ್ತ ಹೋದ.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ಸಾವಧಾನದ ಮನುಷ್ಯ. ಅವಳು ಹೇಳಿದ್ದನ್ನೆಲ್ಲ ಕೇಳಿದರು. ಮಗುವಿಗೆ ಸೆಟೆತ ಅಡಗಿಸುವ ಮದ್ದು ಚುಚ್ಚಿ, ಕತ್ತಲ ಕೋಣೆಯಲ್ಲಿ ಮಲಗಿಸಿ, ತಲೆಯನ್ನು ಮತ್ತೆ ತೊಳೆಸಿದರು. ತೊಳೆದು ತಂದದ್ದು ಒಳ್ಳೆಯದಾಯಿತು ಎಂದರು. ಆ ದಿನವೆಲ್ಲ ಮಗು ಬಿಟ್ಟು ಬಿಟ್ಟು ಸೆಟೆಯುತ್ತಲೇ ಇತ್ತು. ಮಾರನೆಯ ದಿನ ಬರೀ ನಡುಕ ಉಳಿಯಿತು. ಆಮೇಲೆ ಅದೂ ಇಳಿದು, ಮಗು ಕಣ್ಣು ಬಿಟ್ಟು ಹಾಲು ಕೇಳಿತು.

ಡಾಕ್ಟರು ಇಬ್ಬರನ್ನೂ ಹೊರಗೆ ಕರೆದರು.

"ಇದು ಪುಡಿಯದೇ ಇರಬೇಕು. ನಂಜು ಇಳಿದಿದೆ. ಆದರೆ ನಾಯಿಯ ವಿಷಯ ಬೇರೆ. ಅದರ ತಲೆ ಇದ್ದಿದ್ದರೆ ಪರೀಕ್ಷೆಗೆ ಕಳಿಸಿ ತಿಳಿದುಕೊಳ್ಳಬಹುದಿತ್ತು. ಎಲ್ಲಿದೆ?"

"ಸುಟ್ಟಾಕ್ಬುಟ್ವಿ," ಎಂದ ವೃಷಭೇಂದ್ರಪ್ಪ.

ಡಾಕ್ಟರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಮಗುವಿನ ಗಾಯ ನೆಕ್ಕಿದೆ. ನಾಯಿಗೆ ಬಂದದ್ದು ಹುಚ್ಚೇ ಆಗಿದ್ದರೆ, ಅದು ಮಗುವಿನಲ್ಲಿ ಕಾಣಿಸಿಕೊಂಡ ಮೇಲೆ ನಾವು ಯಾರೂ ಏನೂ ಮಾಡುವ ಹಾಗಿಲ್ಲ. ಪುಡಿಯ ನಂಜೇ ಆಗಿದ್ದರೆ ಸೂಜಿ ಬೇಕಾಗಿಲ್ಲ. ಇಷ್ಟು ನಿತ್ರಾಣವಾದ ಮಗುವಿಗೆ ಆ ಸೂಜಿಯೂ ಸುಲಭದ್ದಲ್ಲ. ಒಮ್ಮೊಮ್ಮೆ ಅದರಿಂದಲೇ ಕೈಕಾಲು ಸ್ವಾಧೀನ ತಪ್ಪುವುದುಂಟು, ಅಪರೂಪಕ್ಕೆ. ನಾಯಿಯನ್ನು ಹತ್ತಿರದಿಂದ ನೋಡಿದವರು ನೀವು, ನೀವೇ ಹೇಳಬೇಕು."

ವೃಷಭೇಂದ್ರಪ್ಪ ಹೆಂಡತಿಯ ಕಡೆ ತಿರುಗಿದ. ಲಾರಿ ಹತ್ತಿದಾಗಿನಿಂದ ಅವನು ಅವಳ ಮುಖವನ್ನು ನೇರವಾಗಿ ನೋಡಿದ್ದು ಆಗಲೇ. ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

"ನೀನೇ ಹೇಳು ಗೌರಿ. ನೀನು ಹೇಳಿದ್ದು ನಿಜ ಆಯ್ತು. ನಾಯಿಗೂ ಅದೇ ಅಂದೆ. ಖಾತ್ರಿಯಾ? ಖಾತ್ರಿ ಅಂದ್ರೆ ಬ್ಯಾಡ, ಮನೆಗೆ ಹೋಗನ."

ಅವಳಿಗೆ ಖಾತ್ರಿಯಿತ್ತು. ಎಣ್ಣೆ ಹಚ್ಚಿದ್ದು ಅವಳ ಕೈ, ಅದುರಿದ ಮೈ ಎರಡೂ ಒಂದೇ ಥರ. ಹೌದು, ಖಾತ್ರಿ ಎಂದು ಬಾಯಿ ತೆರೆದಳು. ಆಗ ಲೆಕ್ಕವೊಂದು ಒಳಗಿನಿಂದ ಎದ್ದು ಬಂತು: ದೊರೆ ಯಾವ ಯಾವ ಬೀದಿನಾಯಿಯ ಜೊತೆ ಕಚ್ಚಾಡಿತ್ತು ಎಂಬುದು ಅವಳಿಗೆ ಗೊತ್ತಿಲ್ಲ. ಲಾರಿಗಳ ಹಿಂದೆ ಎಲ್ಲೆಲ್ಲಿ ಓಡಿತ್ತು, ಗೊತ್ತಿಲ್ಲ. ನಂಜು ಏರಿದ ನಾಯಿಗೆ ಹುಚ್ಚೂ ಇರಬಾರದು ಅಂತೇನಿಲ್ಲ. ಪುಡಿಯಿಂದ ಏನೂ ಆಗದು ಎಂದಾಗಲೂ ಅವಳಿಗೆ ಖಾತ್ರಿಯೇ ಇತ್ತು. ತಪ್ಪಿದರೆ ಈ ಸಲ ತೊಳೆಯುವುದಕ್ಕೆ ಏನೂ ಇರುವುದಿಲ್ಲ.

ಒಳಗೆ ಮಗು ಯಾರೊಡನೆಯೋ ತೊದಲುತ್ತಿರುವುದು ಕೇಳಿಸುತ್ತಿತ್ತು.

"ಹಾಕಿ," ಎಂದಳು ಮಂಗಳಗೌರಿ.

ದಿನವೂ ಬೆಳಿಗ್ಗೆ ಮಗುವನ್ನು ಆ ಉದ್ದನೆಯ ಮೇಜಿನ ಮೇಲೆ ಅಂಗಾತ ಮಲಗಿಸುತ್ತಿದ್ದರು. ವೃಷಭೇಂದ್ರಪ್ಪ ಮೊದಲ ದಿನವೇ ಬಾಗಿಲಾಚೆ ಹೋಗಿ ನಿಂತ. "ಮೊಣಕಾಲು ಹಿಡ್ಕೊಳ್ಳಿ ಅಮ್ಮ, ಬಿಡಬೇಡಿ, ಸೂಜಿ ಮುರಿದೀತು," ಎನ್ನುತ್ತಿದ್ದಳು ನರ್ಸು. ಮಂಗಳಗೌರಿ ಎರಡು ಕೈಯಿಂದಲೂ ಒತ್ತಿ ಹಿಡಿಯುತ್ತಿದ್ದಳು. ಮೊದಮೊದಲು ಶಾಂತಮಲ್ಲಿ "ಅವ್ವಾ" ಎಂದು ಚೀರುತ್ತಿದ್ದಳು. ಹೊಟ್ಟೆಯ ಮೇಲೆ ಚುಚ್ಚಲು ಊತವಿಲ್ಲದ ಜಾಗ ಕಡಿಮೆಯಾಗುತ್ತ ಬಂದ ಹಾಗೆ, ಮೊಣಕಾಲು ಹಿಡಿದಿರುವ ಕೈ ಯಾರದೆಂದು ಮಗುವಿಗೆ ತಿಳಿಯಿತು. ಆಮೇಲೆ ಅವಳು ಅಜ್ಜಿಯನ್ನು ಕೂಗುತ್ತಿದ್ದಳು, ಅಪ್ಪನನ್ನು ಕೂಗುತ್ತಿದ್ದಳು. ತಾಯಿಯ ಕಡೆಗೆ ಮುಖವನ್ನೇ ತಿರುಗಿಸುತ್ತಿರಲಿಲ್ಲ.

ಮಂಗಳಗೌರಿ ಮಾತ್ರ ಆ ಪುಟ್ಟ ಕಾಲುಗಳು ಸ್ವಾಧೀನ ತಪ್ಪಿಲ್ಲ ತಾನೆ, ಒದೆಯುವ ಶಕ್ತಿ ಇನ್ನೂ ಇದೆಯೇ ಎಂದು ಅಂಗೈಯಲ್ಲೇ ಅಳೆಯುತ್ತ, ಬಿಗಿಯಾಗಿ ಹಿಡಿದುಕೊಂಡಿದ್ದಳು.